ಜ್ವರಕ್ಕೆ ಕೂತ ಕಲ್ಲುಹವಳದವರಿಗೆ

ನಮ್ಮ ನಡುಮನೆಯ ಗಾಜಿನ ತೊಟ್ಟಿಯಲ್ಲಿ ನಾಲ್ಕು ತಿಂಗಳಿಂದ ಬಿಜಯಂಗೈದಿರುವ ಶ್ರೀಮತ್ ಕಲ್ಲುಹವಳದವರ ದಿವ್ಯ ಸನ್ನಿಧಾನಕ್ಕೆ, ರಾಮನಗರದ ಅನಂತರಾಜು ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಎತ್ತ ತಿರುಗಿದರೂ ಬಂಡೆಯೇ ಕಾಣುವ ಈ ಊರಿಗೆ ಇನ್ನೊಂದು ಕಲ್ಲನ್ನು ಹೊತ್ತು ತಂದು, ಅದಕ್ಕೆ ಉಪ್ಪುನೀರು ಕಲಸಿ, ನೀಲಿ ದೀಪ ಹಚ್ಚಿ, ಸೀಗಡಿಮರಿ ತಿನ್ನಿಸುವ ಏಕೈಕ ಪ್ರಜೆ ಎಂಬ ಹೆಗ್ಗಳಿಕೆ ನನಗೆ ತಮ್ಮಿಂದಲೇ ಪ್ರಾಪ್ತವಾದದ್ದು. ತಾವು ಕಡಲಿನಿಂದ ಕಿತ್ತು ತಂದವರಲ್ಲ, ತೊಟ್ಟಿಯಲ್ಲೇ ಬೆಳೆದವರು ಎಂಬುದಕ್ಕಿರುವ ಕಾಗದಪತ್ರ ನಮ್ಮ ಮನೆಯ ಖಾತೆಗಿಂತ ನೆಟ್ಟಗಿದೆ. ನನ್ನ ಹೆಂಡತಿ ಲತಾಮಣಿ ಮಾತ್ರ, "ಬೆಟ್ಟದ ತಾವ ಬಿಟ್ಟಿ ಸಿಗೋದನ್ನ ಚನ್ನಪಟ್ಟಣಕ್ಕೋಗಿ ತಂದವ್ರೆ ನಮ್ಮನೆಯವ್ರು" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಳು. ಅದನ್ನೂ ಸಹಿಸಿಕೊಂಡೆ.

ಸಹಿಸಲಾಗದ ಸಂಗತಿ ಹೋದ ತಿಂಗಳಿನದು. ಒಂದು ಬೆಳಿಗ್ಗೆ ತಾವು ಮೈತುಂಬ ಹೂವಿನಂತೆ ಅರಳಿರುತ್ತಿದ್ದ ಇದ್ದಬದ್ದ ಪುಟ್ಟ ಬಾಯಿಗಳನ್ನೆಲ್ಲ ಒಳಕ್ಕೆಳೆದುಕೊಂಡು, ಕಾರಣ ತಿಳಿಸುವ ಸೌಜನ್ಯವನ್ನೂ ತೋರದೆ ಮುಚ್ಚಿಕೊಂಡಿರಿ. ನಲವತ್ತು ವರ್ಷ ರೇಷ್ಮೆಹುಳು ಸಾಕಿ, ಈಗ ಮಂಡಿನೋವಿನಿಂದ ಕೈಗೆ ಕೆಲಸವಿಲ್ಲದೆ ಕೂತಿರುವ ನಮ್ಮವ್ವ ದೊಡ್ಡಲಕ್ಷ್ಮಮ್ಮ ಕನ್ನಡಕ ಏರಿಸಿ ನೋಡಿ, "ಏನೂ ಆಗಿಲ್ಲ ಕಣ್ಲಾ, ಜ್ವರಕ್ಕೆ ಕೂತೈತೆ, ಮುಟ್‌ಬ್ಯಾಡ" ಎಂದು ತೀರ್ಪು ಕೊಟ್ಟಳು. ತಮ್ಮ ಅವಗಾಹನೆಗೆ: ಹುಳು ಮೇವು ಬಿಟ್ಟು, ತಲೆಯೆತ್ತಿ ನಿಂತು, ಪೊರೆ ಕಳಚುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ, ಆಗ ಸೊಪ್ಪು ಹಾಕುವಂತಿಲ್ಲ, ಅಲುಗಾಡಿಸುವಂತಿಲ್ಲ, ಮೇಲೆ ಒಸಿ ಸುಣ್ಣದ ಪುಡಿ ಉದುರಿಸಬೇಕು. ನಾನೂ ಆ ಮನೆಯಲ್ಲೇ ಹುಟ್ಟಿದವನಾದ್ದರಿಂದ ತಮ್ಮ ಊಟ ನಿಲ್ಲಿಸಿದೆ, ದೀಪ ಆರಿಸಿದೆ. ಆರನೆಯ ದಿನ ಅವ್ವ ತನ್ನ ಕೈಯಾರೆ ಒಂದು ಹಿಡಿ ಸುಣ್ಣ ಹಾಕಿದಳು. ತೊಟ್ಟಿ ಮಜ್ಜಿಗೆಯಾಯಿತು.

ತಮ್ಮನ್ನು ನನ್ನ ಕೈಗಿತ್ತ ಚನ್ನಪಟ್ಟಣದ ಸಾಕುಮೀನಿನಂಗಡಿಯ ಆಫ್ತಾಬ್ ಫೋನಿನಲ್ಲೇ ಬಾಯಿ ಬಡಿದುಕೊಂಡ: "ಅಯ್ಯೋ ಅಣ್ಣ, ಅದು ಹುಳ ಅಲ್ಲ! ಅರ್ಧ ನೀರು ಈಗ್ಲೇ ಬದಲಾಯ್ಸಿ!" ಬದಲಾಯಿಸಿದೆ. ತಮ್ಮ ಮೈಕಟ್ಟೇ ಸುಣ್ಣದ್ದಾದ್ದರಿಂದ, ನೀರಿನಲ್ಲಿ ಸುಣ್ಣದಂಶ ಕಡಿಮೆಯಾಗಿಯೇ ತಾವು ಮುಚ್ಚಿಕೊಂಡಿರಬೇಕೆಂದೂ, ಸುಣ್ಣ ಹಾಕಿದ್ದು ತಪ್ಪಲ್ಲ, ಹಿಡಿಯಾಗಿ ಹಾಕಿದ್ದು ತಪ್ಪೆಂದೂ, ಅದರ ತಿಳಿಯನ್ನು ಹನಿಹನಿಯಾಗಿ ಬಿಡಬೇಕೆಂದೂ ಅವನು ವಿವರಿಸಿದ. ಅಷ್ಟರಲ್ಲಿ ತಾವು ಬಿಳಿಚಿಕೊಂಡಿದ್ದಿರಿ.

ಅವತ್ತು ಅವ್ವ ಊಟಕ್ಕೇಳಲಿಲ್ಲ. "ನನ್ ಕೈಲಿ ಒಂದ್ ಬೆಳೆನೂ ಕೆಟ್ಟಿರ್ನಿಲ್ಲ, ಬಾಯಿಲ್ದಿರೋ ಜೀವವ ಕೊಂದ್‌ಬುಟ್ನಲ್ಲಾ" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನೂರು ಬಾಯಿಯಿರುವ ತಾವು ಅದನ್ನು ಕೇಳಿಯೂ ಒಂದು ಸಮಾಧಾನದ ಮಾತಾಡಲಿಲ್ಲ. ಮಾನ್ಯರೇ, ನನ್ನ ಮಾನ ಕಳೆಯಿರಿ, ಬೇಸರವಿಲ್ಲ. ನಮ್ಮವ್ವನ ಕೈಗುಣಕ್ಕೆ ಕಳಂಕ ತರುವ ಅಧಿಕಾರವನ್ನು ತಮಗೆ ಕೊಟ್ಟವರು ಯಾರು?

ಅಂದಿನಿಂದ ಅವ್ವ ಆಸ್ಪತ್ರೆಯ ಡ್ರಿಪ್ ಪೈಪಿನಲ್ಲಿ ಸುಣ್ಣದ ತಿಳಿ ಇಳಿಸುತ್ತ ತೊಟ್ಟಿಯ ಮುಂದೆಯೇ ಕೂತಿದ್ದಾಳೆ. ಇಪ್ಪತ್ತೆರಡನೆಯ ದಿನವಾದ ಇಂದು ಬೆಳಿಗ್ಗೆ ತಾವು ಒಂದೇ ಒಂದು ಬಾಯಿ ತೆರೆದಿರಿ. ನಾನು ಬಗ್ಗಿ ನೋಡಿದೊಡನೆ ಮುಚ್ಚಿಕೊಂಡು, ಅವ್ವ ಬಂದಾಗ ಮತ್ತೆ ತೆರೆದ ತಮ್ಮ ನಿಷ್ಪಕ್ಷಪಾತವನ್ನು ಎಷ್ಟು ಕೊಂಡಾಡಿದರೂ ಸಾಲದು. ಆದಕಾರಣ, ಭಾನುವಾರ ಕೋಡಿಹಳ್ಳಿಯಿಂದ ಲತಾಮಣಿಯ ತವರಿನವರು ಬರುವುದರೊಳಗೆ ಉಳಿದ ಬಾಯಿಗಳನ್ನೂ ತೆರೆದು, ಸಾಧ್ಯವಾದರೆ ಎದ್ದು ನಿಂತು ನಮಸ್ಕರಿಸಿ, ತಾವು ಕಲ್ಲಲ್ಲವೆಂದು ಸ್ವಂತ ಬಾಯಿಂದ ಅವರಿಗೆ ತಿಳಿಸಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ ಹಾಗೂ ಉಪ್ಪುನೀರು ಕಲಸುವವ,
ಅನಂತರಾಜು

ಮರೆತ ಮಾತು: "ನಾನ್ ಹೇಳ್ನಿಲ್ವಾ, ಜ್ವರ ಎದ್ದೈತೆ!" ಎಂದು ಅವ್ವ ಬೀದಿಗೆಲ್ಲ ಸಾರಿ ಬಂದು, ಮುದ್ದೆ ಎರಡು ಸಲ ಹಾಕಿಸಿಕೊಂಡಳು. ತಾವಾಗಲಿ ಆಫ್ತಾಬನಾಗಲಿ ದಯವಿಟ್ಟು ಅವಳನ್ನು ತಿದ್ದಲು ಹೋಗಬೇಡಿ. ಒಂದೇ ತೊಡಕು, ಹುಳುವಿಗೆ ನಾಲ್ಕು ಜ್ವರ, ಆಮೇಲೆ ಗೂಡು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯನ್ನು ಅವಳು ಆಗಲೇ ಅಟ್ಟದಿಂದ ಇಳಿಸಿ, ಒರೆಸಿ, ತೊಟ್ಟಿಯ ಪಕ್ಕ ಒರಗಿಸಿದ್ದಾಳೆ. ಇನ್ನು ಮೂರು ಜ್ವರದ ಅವಕಾಶವಿದೆ. ತಾವು ನೂಲು ತೆಗೆಯುವುದನ್ನು ಈಗಿನಿಂದಲೇ ಕಲಿತುಕೊಳ್ಳಿ.