ಬೆಲ್ಗಾಸಿಮ್ ಮೇಷ್ಟ್ರು ಡಿಸ್ಕು ಪಾಲು ಮಾಡಿದ್ದು

"ನಿಮ್ಮ ಯಂತ್ರ ಹಳೆಯದಾಗಿದೆ, ಹೊಸದನ್ನು ಕೊಳ್ಳಿ" ಎಂದು ಲ್ಯಾಪ್‌ಟಾಪು ಭಾನುವಾರ ಬೆಳಿಗ್ಗೆ ಹೇಳಿದ್ದೇ ತಪ್ಪಾಯಿತು. ಸೂಸ್ ಪಟ್ಟಣದಲ್ಲಿ ಇಪ್ಪತ್ತು ವರ್ಷದಿಂದ ಭೂಗೋಳ ಕಲಿಸುತ್ತಿದ್ದ ಬೆಲ್ಗಾಸಿಮ್ ಮೇಷ್ಟ್ರಿಗೆ ಶಾಲಾ ಇನ್‌ಸ್ಪೆಕ್ಟರು ಕೂಡ ಹೀಗೆ ಮುಖಕ್ಕೆ ಹೊಡೆದ ಹಾಗೆ ಮಾತಾಡಿರಲಿಲ್ಲ.

"ಕೊಳ್ಳಲ್ಲ! ಏನ್ ಮಾಡ್ಕೋತೀಯೋ ಮಾಡ್ಕೋ!" ಎಂದು ಪರದೆಯನ್ನೇ ಗದರಿದರು.

ಅಡುಗೆಮನೆಯಿಂದ ಹೆಂಡತಿ ನಝೀಹಾ ಇಣುಕಿದಳು. "ಬೆಳಬೆಳಿಗ್ಗೆ ಯಾರ ಹತ್ರ ಜಗಳ?"

"ಇದರ ಹತ್ರ. ಇವತ್ತು ಇದರ ಡಿಸ್ಕನ್ನ ಎರಡು ಪಾಲು ಮಾಡ್ತೀನಿ. ಹಳೇ ಸಿಸ್ಟಮ್ಮನ್ನ ಒಂದು ಮೂಲೆಗೆ ಒತ್ತಿ, ಖಾಲಿಯಾದ ಜಾಗದಲ್ಲಿ ಲಿನಕ್ಸ್ ಅನ್ನೋ ಹೊಸ ಸಿಸ್ಟಮ್ ಕೂರಿಸ್ತೀನಿ. ಪುಕ್ಕಟೆ ಸಿಗುತ್ತೆ, ಮುದಿ ಯಂತ್ರದಲ್ಲೂ ಕುದುರೆ ಹಾಗೆ ಓಡುತ್ತೆ."

ಆಗಸ್ಟ್ ತಿಂಗಳ ಸೆಕೆಗೆ ಬಾಗಿಲು ತೆರೆದೇ ಇತ್ತು. ಮೀನು ಕೊಂಡು ಮೆಟ್ಟಿಲೇರುತ್ತಿದ್ದ ಮೇಲಿನ ಮನೆಯ ಹಿರಿಯಾಕೆ ಲಲ್ಲಾ ದುಜಾ ಗಕ್ಕನೆ ನಿಂತರು. ಅವರ ಫೋನು ತುಂಬಿಹೋಗಿ, ಮಗಳ ಮದುವೆಯ ನಾನೂರು ಫೋಟೋಗಳನ್ನು ಇದೇ ಲ್ಯಾಪ್‌ಟಾಪಿನಲ್ಲಿ ಇಡಿಸಿದ್ದರು.

"ಮೇಷ್ಟ್ರೇ, ನನ್ನ ಮಗಳ ಮದುವೆ ಯಾವ ಪಾಲಿಗೆ ಬರುತ್ತೆ?"

"ಅದಕ್ಕೇನೂ ಆಗಲ್ಲ ಲಲ್ಲಾ ದುಜಾ. ಕಪಾಟಲ್ಲಿ ಪಾತ್ರೆ ಸರಿಸಿ ಜಾಗ ಮಾಡ್ಕೊಳ್ಳಲ್ವಾ, ಹಾಗೆ."

"ನಮ್ಮನೇಲಿ ಪಿಂಗಾಣಿ ಒಡೆದಿದ್ದೆಲ್ಲ ಸರಿಸುವಾಗಲೇ!"

ಸದ್ದು ಕೇಳಿ ಎದುರು ಮನೆಯ ಶಾದ್ಲಿ ಸಾಹೇಬರು, ಎಲ್ಲರ ಬಾಯಲ್ಲಿ ಸಿ ಶಾದ್ಲಿ, ಬನಿಯನ್ನಿನಲ್ಲೇ ಬಂದರು. ಅಂಚೆ ಕಚೇರಿಯಿಂದ ನಿವೃತ್ತರಾದ ಮೇಲೆ ಸಲಹೆ ಬಟವಾಡೆ ಅವರ ಉದ್ಯೋಗ. "ಮೊದಲು ಎಲ್ಲದರ ನಕಲು ಬೇರೆ ಕಡೆ ಇಟ್ಕೊಳ್ಳಿ. ನನ್ನ ಅಳಿಯ ಹೀಗೇ ಜಂಬ ಮಾಡಿದ. ಈಗ ಅವನ ಲ್ಯಾಪ್‌ಟಾಪ್ ಮೇಲೆ ನನ್ನ ಮಗಳು ಹಿಟ್ಟು ಲಟ್ಟಿಸ್ತಾಳೆ."

"ನಕಲು ಹೇಡಿಗಳಿಗೆ!" ಎಂದು ಮೇಷ್ಟ್ರು ಲಿನಕ್ಸ್ ತುಂಬಿಟ್ಟಿದ್ದ ಪೆನ್‌ಡ್ರೈವ್ ಚುಚ್ಚಿದರು.

ಪರದೆಯ ಮೇಲೆ ಉದ್ದನೆಯ ಪಟ್ಟಿಯೊಂದು ಮೂಡಿತು. ನಡುವಿನ ಗೆರೆ ಎಳೆದರೆ ಎಡಕ್ಕೆ ಹಳೆಯದು, ಬಲಕ್ಕೆ ಹೊಸದು. ಮೇಷ್ಟ್ರು ಗೆರೆಯನ್ನು ಎಡಕ್ಕೆ ಒತ್ತುತ್ತಾ ಹೋದ ಹಾಗೆ ಲಲ್ಲಾ ದುಜಾ ಉಸಿರು ಬಿಗಿಹಿಡಿದರು.

"ನಮ್ಮ ಕಡೆ ಸ್ವಲ್ಪ ಜಾಸ್ತಿ ಬಿಡಿ ಮೇಷ್ಟ್ರೇ, ಮದುವೆಗೆ ಮುನ್ನೂರು ಜನ ಬಂದಿದ್ರು!"

ಮೇಷ್ಟ್ರು ಗುಂಡಿ ಒತ್ತೇಬಿಟ್ಟರು. ಎಚ್ಚರಿಕೆಯೊಂದು ಮೂಡಿತು. ನಝೀಹಾ ಗಟ್ಟಿಯಾಗಿ ಓದಿದಳು: "ಕೆಲಸ ಮುಗಿಯುವವರೆಗೆ ಕರೆಂಟು ಹೋಗಬಾರದು. ಹೋದರೆ ಎಲ್ಲವೂ ಅಳಿಸಿಹೋಗಬಹುದು."

ಲ್ಯಾಪ್‌ಟಾಪಿನ ಬ್ಯಾಟರಿ ಸತ್ತು ಎರಡು ವರ್ಷವಾಗಿತ್ತು. ಅದರ ಜೀವವೆಲ್ಲ ವೈರಿನಲ್ಲಿ.

"ಅಯ್ಯೋ, ನನ್ನ ವಾಷಿಂಗ್ ಮಷೀನ್ ಓಡ್ತಾ ಇದೆ!" ಎಂದರು ಲಲ್ಲಾ ದುಜಾ. ಆ ಕಟ್ಟಡದಲ್ಲಿ ವಾಷಿಂಗ್ ಮಷೀನ್ ಓಡುವಾಗ ಯಾರಾದರೂ ಎ.ಸಿ. ಹಾಕಿದರೆ, ಕೆಲವೊಮ್ಮೆ ಬರೀ ಎ.ಸಿ. ಹಾಕಿದರೂ, ಮೆಟ್ಟಿಲ ಬುಡದ ಮೇನ್ ಸ್ವಿಚ್ ಟಪ್ಪೆಂದು ಬೀಳುತ್ತಿತ್ತು.

"ಆರಿಸಿ, ಓಡಿ!" ಎಂದು ಮೇಷ್ಟ್ರು ಒಂದು ಕಾಲಿಗೆ ಮಾತ್ರ ಚಪ್ಪಲಿ ಸಿಕ್ಕಿಸಿಕೊಂಡು ಕೆಳಗೆ ಧಾವಿಸಿದರು. "ನಝೀಹಾ, ನೀನು ಅದರ ಮುಂದೆ ಕೂತ್ಕೋ! ಏನು ಕೇಳಿದ್ರೂ ಇಲ್ಲ ಅನ್ಬೇಡ!"

ಸ್ವಿಚ್ಚಿನ ಪೆಟ್ಟಿಗೆಗೆ ಬೆನ್ನು ಕೊಟ್ಟು ನಿಂತು ಕೂಗಿದರು: "ಮುಗಿಯೋವರೆಗೂ ಯಾರೂ ಎ.ಸಿ. ಹಾಕಬಾರದು!"

"ಇದು ಯಾವ ಸರ್ಕಾರದ ಆಜ್ಞೆ?" ಮೇಲಿನಿಂದ ಸಿ ಶಾದ್ಲಿಯ ದನಿ.

"ನನ್ನದು!"

ಸಿ ಶಾದ್ಲಿ ಹಟಕ್ಕೆ ಬಿದ್ದು ತಮ್ಮ ಮನೆಗೆ ನುಗ್ಗಿ ಎ.ಸಿ. ರಿಮೋಟಿಗೆ ಕೈ ಹಾಕುವಷ್ಟರಲ್ಲಿ, ಮಷೀನ್ ಆರಿಸಿ ಬಂದ ಲಲ್ಲಾ ದುಜಾ ಅದನ್ನು ಕಸಿದು ಮೀನಿನ ಚೀಲಕ್ಕೆ ಹಾಕಿಕೊಂಡರು. "ಮುಟ್ಟಿದ್ರೆ ನೋಡಿ! ಒಳಗೆ ನನ್ನ ಮಗಳ ಮದುವೆ ಸಿಕ್ಕಾಕ್ಕೊಂಡಿದೆ!"

ಎರಡು ಗಂಟೆ ಇಡೀ ಕಟ್ಟಡ ಹಬೆಸ್ನಾನದ ಹಮ್ಮಾಮಿನ ಹಾಗೆ ಬೆವರಿತು. ಮೇಷ್ಟ್ರ ಅಂಗಿ ಬೆನ್ನಿಗೆ, ಬೆನ್ನು ಪೆಟ್ಟಿಗೆಗೆ ಅಂಟಿಕೊಂಡಿತು. "ಇಳಿದು ಬಂದು ನೀರಾದ್ರೂ ಕೊಡಲಾ?" ಎಂದು ಸೋತ ಸಿ ಶಾದ್ಲಿ ಕೇಳಿದರೂ, "ಶತ್ರುವಿನ ನೀರು ಬೇಡ!" ಎಂದರು ಮೇಷ್ಟ್ರು.

ಕೊನೆಗೆ ಮೇಲಿನಿಂದ ನಝೀಹಾ ಕೂಗಿದಳು: "ಮುಗೀತು!"

ಎಲ್ಲರೂ ಓಡಿದರು. ಮೊದಲು ಹಳೆಯ ಪಾಲು ತೆರೆದರು. ಮದುಮಗಳು ನಾನೂರು ಫೋಟೋಗಳಲ್ಲೂ ಸುಖವಾಗಿದ್ದಳು. ಲಲ್ಲಾ ದುಜಾ ಮದುವೆಮನೆಯಂತೆಯೇ ನಾಲಿಗೆ ಹೊರಳಿಸಿ ಹರ್ಷದ ಕೇಕೆ ಹಾಕಿದರು. ಮೇಷ್ಟ್ರು ಎದೆಯುಬ್ಬಿಸಿ, ಯಂತ್ರವನ್ನು ಆರಿಸಿ ಮತ್ತೆ ಹಚ್ಚಿ, ಹೊಸ ಪಾಲನ್ನು ಆಯ್ದುಕೊಂಡರು. ಕಣ್ಣು ಮಿಟುಕಿಸುವಷ್ಟರಲ್ಲಿ ಪರದೆ ಬೆಳಗಿತು. ನಡುವೆ ಒಂದೇ ಹೆಸರು: ನಝೀಹಾ.

"ಇದೇನಿದು?"

"ಯಜಮಾನರ ಹೆಸರು ಕೇಳ್ತು. ನೀನು ಕೆಳಗೆ ಪೆಟ್ಟಿಗೆ ಕಾಯ್ತಿದ್ದೆ. ನನ್ನದು ಕೊಟ್ಟೆ."

"ಪಾಸ್‌ವರ್ಡು?"

"ಅದನ್ನೂ ಕೇಳ್ತು. ಕೊಟ್ಟೆ."

"ಏನಂತ?"

"ಯಾರಿಗೂ ಹೇಳಬಾರದಂತೆ," ಎಂದು ನಝೀಹಾ ಅವರನ್ನು ಕುರ್ಚಿಯಿಂದ ಎಬ್ಬಿಸಿ, ಅಂಗೈಯಿಂದ ಮರೆಮಾಡಿ ಟೈಪಿಸಿದಳು.

ಮೇಷ್ಟ್ರ ನಕಾಶೆಗಳು, ಪಾಠಗಳು ಎಲ್ಲವೂ ಇದ್ದದ್ದು ಹಳೆಯ ಪಾಲಿನಲ್ಲಿ. ಅವರೇ ಒತ್ತಿ ಒತ್ತಿ ಕಿರಿದು ಮಾಡಿದ್ದ ಆ ಮೂಲೆ ಈಗ ಇನ್ನಷ್ಟು ನಿಧಾನವಾಗಿ ತೆವಳುತ್ತಿತ್ತು.

"ಸೋಲೋ ಜಾತಿ ಅಲ್ಲ ನಾನು!" ಮೇಷ್ಟ್ರು ಮೇಜು ಗುದ್ದಿದರು. "ಮುಂದಿನ ಭಾನುವಾರ ಮೂರನೇ ಪಾಲು ಮಾಡ್ತೀನಿ, ನೋಡ್ತಿರು!"

ನಝೀಹಾ ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಧಾರಾಳವಾಗಿ ಮಾಡು. ಜಾಗ ಮಾತ್ರ ನಿನ್ನ ಪಾಲಿಂದ ತಗೋ."