ಅಡುಗೆಮನೆಯ ಸೂರಿಗೆ ಗಾಳಿ ಸೋಕಿದ್ದು

ಪೆನಾಂಗಿನಲ್ಲಿ ಮೂವತ್ತೊಂದು ವರ್ಷ ಕಾಂಕ್ರೀಟು ಪರೀಕ್ಷೆ ಮಾಡಿ ನಿವೃತ್ತನಾದ ನನ್ನ ಮಾತಿಗೆ ನನ್ನ ಅಡುಗೆಮನೆಯಲ್ಲೇ ಬೆಲೆಯಿಲ್ಲ ಎಂದರೆ ನಂಬುತ್ತೀರಾ? (ಮದುವೆಯಾದವರು ನಂಬುತ್ತೀರಿ.)

ನಮ್ಮ ಚೀನೀ ಪಂಚಾಂಗದಲ್ಲಿ ಸತ್ತವರು ಮನೆಗೆ ಬರುವ ಏಳನೆಯ ತಿಂಗಳು ಶುರುವಾದ ದಿನವೇ ಅಡುಗೆಮನೆಯ ಸೂರಿನಿಂದ ಟಿಕ್... ಟಿಕ್... ಸದ್ದು ಬರತೊಡಗಿತು. ದಿನವೂ ಮಧ್ಯಾಹ್ನ ಮೂರಕ್ಕೆ, ನನ್ನ ಅಮ್ಮ ಕೊನೆಯುಸಿರೆಳೆದಿದ್ದ ಹೊತ್ತಿಗೆ. ಅವಳು ಕೂರುತ್ತಿದ್ದ ಕುರ್ಚಿಯ ನೇರ ಮೇಲೆ ಕಂದು ಕಲೆಯೊಂದು ಹರಡುತ್ತಿತ್ತು.

"ಅತ್ತೆ ಬಂದಿದ್ದಾರೆ ರೀ," ಎಂದಳು ನನ್ನ ಹೆಂಡತಿ ಸ್ಯೂ ಗೈಕ್, ಊದುಬತ್ತಿ ಹಚ್ಚುತ್ತಾ. "ನನ್ನ ಸೂಪಿಗೆ ಉಪ್ಪು ಕಮ್ಮಿ ಅಂತ ಮೇಲಿಂದ ಉದುರಿಸ್ತಿದ್ದಾರೆ."

"ಅದು ಸಿಮೆಂಟು ಕಣೇ! ಎಲ್ಲಾ ಗಾಳಿ ಕೆಲಸ."

"ನಾನೂ ಅದನ್ನೇ ಹೇಳ್ತಿರೋದು. ಗಾಳಿ!"

"ಆ ಗಾಳಿ ಅಲ್ಲ ಕಣೇ, ಉಸಿರಾಡೋ ಗಾಳಿ! ಅದರಲ್ಲಿರೋ ಇಂಗಾಲದ ಡೈಆಕ್ಸೈಡು ಕಾಂಕ್ರೀಟಿನೊಳಗೆ ನುಗ್ಗಿ ಸುಣ್ಣದ ಸತ್ವ ತಿನ್ನುತ್ತೆ. ಕಬ್ಬಿಣಕ್ಕೆ ಕಾವಲು ತಪ್ಪುತ್ತೆ. ತುಕ್ಕು ಹಿಡಿದು ಊದುತ್ತೆ, ಸೂರು ಬಿರಿಯುತ್ತೆ."

"ಮತ್ತೆ ಮೂರು ಗಂಟೆಗೇ ಯಾಕೆ?"

(ಈ ಪ್ರಶ್ನೆ ನಮ್ಮ ಪಠ್ಯದಲ್ಲಿರಲಿಲ್ಲ.)

ಮರುದಿನ ಮೂರಕ್ಕೆ ಟಿಕ್ ಸದ್ದು ಶುರುವಾದಾಗ ಅವಳು ಮಾರುಕಟ್ಟೆಗೆ ಹೋಗಿದ್ದಳು; ಅಮ್ಮನ ಕುರ್ಚಿ ಹತ್ತಿದೆ. ಸೂರನ್ನು ಕೊಂಚ ಕೆತ್ತಿ ಪರೀಕ್ಷೆಯ ದ್ರವ ಚಿಮುಕಿಸಿದೆ. ಸುಣ್ಣದ ಸತ್ವ ಉಳಿದು ಜೀವವಿರುವ ಕಾಂಕ್ರೀಟು ಅದಕ್ಕೆ ನಾಚಿಕೊಂಡು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ನಮ್ಮದು ಹೆಣದ ಮುಖದಂತೆ ಬೂದಾಗಿಯೇ ಇತ್ತು. ಇನ್ನೂ ಆಳಕ್ಕೆ ಕೆತ್ತಿದೆ. ಬೂದು. ಟಿಕ್ ಸದ್ದು ಥಟ್ಟನೆ ನಿಂತಿತು. ಊದುಬತ್ತಿಯ ಹೊಗೆ ಕೂಡ ಅಲುಗಲಿಲ್ಲ.

"ಆ ಕಾವ್, ಇಳಿಯೋ."

ಬಾಗಿಲ ಕಡೆಯಿಂದ, ಮೆಲ್ಲಗೆ.

‘ಆ ಕಾವ್’ ಎಂದರೆ ನಮ್ಮ ಮಾತಿನಲ್ಲಿ ನಾಯಿ. ಕೆಟ್ಟ ದೃಷ್ಟಿ ತಾಗದಿರಲೆಂದು ಚಿಕ್ಕಂದಿನಲ್ಲಿ ಅಮ್ಮ ನನಗೆ ಇಟ್ಟಿದ್ದ ಹೆಸರು. ಹೆಂಡತಿಗೆ ಇಷ್ಟು ವರ್ಷವಾದರೂ ಹೇಳಿರಲಿಲ್ಲ. (ಹೇಳಿಕೊಳ್ಳುವ ಹೆಸರೇ ಅದು?) ಇಳಿದು ಬಾಗಿಲಿಗೆ ಓಡಿದೆ. ಯಾರೂ ಇಲ್ಲ. ಹಿಂದೆ ಧಡಾರೆಂದಿತು. ಬಿದ್ದ ಕಾಂಕ್ರೀಟಿನಡಿ ಕುರ್ಚಿ ಪುಡಿಯಾಗಿತ್ತು. ಮೇಲೆ ತುಕ್ಕು ಹಿಡಿದ ಸರಳುಗಳು ಪಕ್ಕೆಲುಬುಗಳಂತೆ ಹೊರಬಂದಿದ್ದವು.

ಸ್ಯೂ ಗೈಕ್ ಬಂದಾಗ ಮೆಟ್ಟಿಲ ಮೇಲೆ ಕೂತಿದ್ದೆ. ಎಲ್ಲವನ್ನೂ ಹೇಳಿದೆ, ನಾಯಿಯ ಹೆಸರನ್ನೂ ಸೇರಿಸಿ. ಅವಳು ಒಳಗೆ ಹೋಗಿ ಸರಳುಗಳನ್ನೇ ದಿಟ್ಟಿಸಿದಳು.

"ಅಯ್ಯೋ, ನೀವು ಹೇಳಿದ್ದೇ ನಿಜ ಕಣ್ರೀ! ಕಬ್ಬಿಣ ಹೆಂಗೆ ಊದಿದೆ! ದೆವ್ವಾನೂ ಇಲ್ಲ ಗಿವ್ವಾನೂ ಇಲ್ಲ."

"ಅಮ್ಮ ಕರೆದ್ಲು ಕಣೇ!"

"ಸುಮ್ನಿರಿ. ನಿಮ್ಮ ತಲೆಯೊಳಗೂ ಗಾಳಿ ನುಗ್ಗಿದೆ," ಎಂದು ಊದುಬತ್ತಿ ಆರಿಸಿ ಪೊರಕೆ ಹಿಡಿದಳು.

ಸೂರು ರಿಪೇರಿಯಾಗಿ ತಿಂಗಳಾಯಿತು. ಮಧ್ಯಾಹ್ನ ನೀರು ಕುಡಿಯಬೇಕೆಂದರೂ ಹೆಂಡತಿಯ ಕೈ ಹಿಡಿದೇ ಅಡುಗೆಮನೆಗೆ ಹೋಗುತ್ತೇನೆ. ನಾನು ಕುಡಿದು ಮುಗಿಸುವವರೆಗೂ ಪಕ್ಕದಲ್ಲಿ ನಿಂತು, ಮಗುವಿಗೆ ಹೇಳುವಂತೆ ಬಿಡಿಸಿ ಬಿಡಿಸಿ, ಅವಳು ನನಗೆ ಕಾಂಕ್ರೀಟಿನ ಪಾಠ ಹೇಳುತ್ತಾಳೆ.