ಅರ್ಧ ಲೀಟರಿನ ಗಾಡಿ

ಬೆಳಕು ಹರಿಯುವ ಮೊದಲು ನಾನು ಮುಗಿಸಬೇಕಾದ ಕೆಲಸಗಳು ಇವು: ನೀರಿನ ಪಂಪು ಹಾಕುವುದು, ತೊಟ್ಟಿ ತುಂಬಿ ಹರಿಯುವ ಮೊದಲು ಓಡಿಹೋಗಿ ಆರಿಸುವುದು, ಅತ್ತೆಗೆ ಬಿಸಿನೀರು, ಅಂಗಳಕ್ಕೆ ಪೊರಕೆ, ನೆನೆಸಿಟ್ಟ ಬಟ್ಟೆಗೆ ಸೋಪು, ಗಂಡನ ಅಂಗಿಗೆ ಇಸ್ತ್ರಿ, ಗಂಡನ ಡಬ್ಬಿಗೆ ಊಟ, ಗಂಡನ ಎರಡನೆಯ ಕಾಲುಚೀಲದ ಶೋಧ (ಅದು ಯಾವತ್ತೂ ಮಂಚದ ಕೆಳಗೇ ಇರುತ್ತದೆ; ಆದರೂ ಅವರ ಪಾಲಿಗೆ ಅದು ದಿನವೂ ಕಳೆದುಹೋದ ಸಾಮ್ರಾಜ್ಯ). ಇಷ್ಟಾದ ಮೇಲೆ ಸೂರ್ಯ ಹುಟ್ಟುತ್ತಾನೆ. ‘ಮನೆಯವರು ಏನು ಮಾಡ್ತಾರೆ?’ ಎಂದು ಯಾರಾದರೂ ಕೇಳಿದರೆ ನನ್ನ ಗಂಡ, ‘ಏನೂ ಇಲ್ಲ, ಮನೇಲೇ ಇರ್ತಾಳೆ’ ಎನ್ನುತ್ತಾರೆ.

ಆ ‘ಏನೂ ಇಲ್ಲ’ಕ್ಕೆ ಒಂದು ಬುಧವಾರ ಪತ್ರ ಬಂತು. ಊರಾಚೆಯ ಹೊಲಿಗೆ ಘಟಕದಲ್ಲಿ ಬಟ್ಟೆ ಕತ್ತರಿಸುವ ವಿಭಾಗ ನೋಡಿಕೊಳ್ಳುವ ಕೆಲಸ. ಸೋಮವಾರ ಬೆಳಗ್ಗೆ ಏಳೂವರೆಗೆ ಹಾಜರಿರಬೇಕು, ತಪ್ಪಿದರೆ ಪಟ್ಟಿಯಲ್ಲಿ ನನ್ನ ಕೆಳಗಿನ ಹೆಸರಿಗೆ ಕೆಲಸ. ಆ ಕಡೆಗೆ ಮೊದಲ ಬಸ್ಸು ಹೊರಡುವುದೇ ಎಂಟಕ್ಕೆ.

“ನಮ್ಮ ಮೋಟಾರ್‌ಸೈಕಲ್ ಇದೆಯಲ್ಲ. ನನ್ನ ಹತ್ರ ಲೈಸೆನ್ಸೂ ಇದೆ,” ಎಂದೆ.

“ಲೈಸೆನ್ಸಲ್ಲಿ ಫೋಟೋ ಚೆನ್ನಾಗಿ ಬಂದಿದೆ,” ಎಂದರು ಅವರು.

ನಮ್ಮ ಮೋಟಾರ್‌ಸೈಕಲ್ಲಿನ ಬಗ್ಗೆ ಎರಡು ಮಾತು ಹೇಳಬೇಕು. ಅದು ವಾಹನವಲ್ಲ, ದೇವರು. ಅವರ ಆಫೀಸು ಎರಡು ಬೀದಿ ಆಚೆ, ನಡೆದೇ ಹೋಗುತ್ತಾರೆ. ಗಾಡಿಗೆ ಭಾನುವಾರ ಸ್ನಾನ, ಮೈ ಆರುವ ಮೊದಲೇ ಪ್ಲಾಸ್ಟಿಕ್ ಹೊದಿಕೆ, ಮತ್ತೆ ಮುಂದಿನ ಭಾನುವಾರದವರೆಗೆ ಯೋಗನಿದ್ರೆ. ಹೊಟ್ಟೆಗೆ ಮಾತ್ರ ಅರ್ಧ ಲೀಟರಿಗಿಂತ ಹೆಚ್ಚು ಪೆಟ್ರೋಲು ಹಾಕಿದವರಲ್ಲ. ಅದಕ್ಕೂ ಒಂದು ರಾಜತಂತ್ರವಿದೆ. ನನ್ನ ಮೈದುನ ಆಗಾಗ ಬಂದು, ‘ಅಣ್ಣಾ, ಗಾಡಿ ಒಂದು ಗಂಟೆ ಕೊಡ್ತೀಯಾ?’ ಎಂದು ಕೇಳುತ್ತಾನೆ. ತಮ್ಮನಿಗೆ ಇಲ್ಲ ಎನ್ನುವಂತಿಲ್ಲ. ಸುಳ್ಳು ಹೇಳಿದರೆ ಅತ್ತೆಗೆ ಆಗದು. ಹಾಗಾಗಿ ಟ್ಯಾಂಕು ಖಾಲಿ ಇಟ್ಟುಕೊಂಡು, ‘ಕೊಡ್ತಿದ್ದೆ ಕಣೋ, ಪೆಟ್ರೋಲೇ ಇಲ್ಲ’ ಎಂದು ಸತ್ಯವನ್ನೇ ನುಡಿಯುತ್ತಾರೆ. ಹತ್ತು ವರ್ಷ ಹೀಗೆ ಸತ್ಯಸಂಧರಾಗಿ ಬಾಳಿದ್ದಾರೆ.

ಗುರುವಾರ ಗಾಡಿ ಹೊರಗೆ ತೆಗೆದೆ. ಬೀದಿಯ ಮೂಲೆಯವರೆಗೆ ಓಡಿ, ಕೆಮ್ಮಿ, ನಿಂತಿತು. ಸರಿಯಾಗಿ ಮೆಕ್ಯಾನಿಕ್ಕಿನ ಅಂಗಡಿಯ ಮುಂದೆಯೇ ನಿಂತಿದ್ದರಿಂದ ಅದಕ್ಕೂ ತನ್ನ ರೋಗ ಗೊತ್ತಿತ್ತೆಂದು ಕಾಣುತ್ತದೆ. ಮೆಕ್ಯಾನಿಕ್ ಟ್ಯಾಂಕಿನ ಮುಚ್ಚಳ ತೆಗೆದು ಒಳಗೆ ಬ್ಯಾಟರಿ ಬೆಳಕು ಬಿಟ್ಟು ನೋಡಿದ.

“ಅಕ್ಕ, ಒಳಗೆಲ್ಲ ತುಕ್ಕು. ಪುಡಿ ಉದುರಿ ಪೆಟ್ರೋಲ್ ದಾರಿ ಕಟ್ಟಿದೆ. ಖಾಲಿ ಇಡ್ತಿದ್ರಾ?”

“ಅರ್ಧ ಲೀಟರ್ ಇರ್ತಿತ್ತು.”

“ಮಿಕ್ಕ ಜಾಗದಲ್ಲಿ ಗಾಳಿ, ಗಾಳಿಯಲ್ಲಿ ತೇವ. ಮೇಲೆ ಪ್ಲಾಸ್ಟಿಕ್ ಬೇರೆ ಹೊದಿಸ್ತಾರೆ. ಟ್ಯಾಂಕ್ ತುಂಬಿಸಿಡಬೇಕು, ದಿನಾ ಓಡಿಸಬೇಕು. ನಿಲ್ಲಿಸಿದ್ದೇ ಇದಕ್ಕೆ ಕಾಯಿಲೆ.”

ಅವನ ಕೈಯಲ್ಲಿ ಒಂದು ವಾರದ ಕೆಲಸ ಬಾಕಿ ಇತ್ತು. ಮಾಡುವ ಕ್ರಮವನ್ನಷ್ಟೇ ಬಿಡಿಸಿ ಹೇಳಿ, ಮೂಲೆಯ ಡಬ್ಬದಿಂದ ಒಂದು ಹಿಡಿ ಹಳೇ ಬೋಲ್ಟುಗಳನ್ನು ಕೊಟ್ಟ. “ವಿನೆಗರ್ ಜೊತೆ ಇವನ್ನ ಟ್ಯಾಂಕಿಗೆ ಹಾಕಿ ಅಲುಗಾಡಿಸಿದ್ರೆ ತುಕ್ಕು ಕೆರೆದು ಬರುತ್ತೆ. ಎಣಿಸಿ ಹಾಕಿ, ಎಣಿಸಿ ತೆಗೀರಿ. ಒಂದು ಒಳಗೆ ಉಳಿದ್ರೂ ಜೀವನಪೂರ್ತಿ ಗಿಲಕಿ.” ಇಪ್ಪತ್ತೊಂದಿದ್ದವು.

ಮನೆಗೆ ತಳ್ಳಿಕೊಂಡು ಬಂದು ವರದಿ ಒಪ್ಪಿಸಿದೆ. ಅವರು ಎದ್ದು ನಿಂತರು. “ಇದು ಹೆಂಗಸರ ಕೆಲಸ ಅಲ್ಲ. ನಾಳೆ ರಜೆ ಹಾಕ್ತೀನಿ. ಗಾಡಿ ಸರಿಹೋದ್ರೆ ಸೋಮವಾರ ನೀನೇ ತಗೊಂಡು ಹೋಗು, ಮಾತು ಕೊಡ್ತಿದ್ದೀನಿ.” (ನನಗೆ ವಿಷಮಶೀತ ಜ್ವರ ಬಂದಾಗ ಅವರಿಗೆ ರಜೆ ಸಿಕ್ಕಿರಲಿಲ್ಲ. ಟ್ಯಾಂಕಿಗೆ ಸಿಕ್ಕಿತು.)

ಶುಕ್ರವಾರ ನನ್ನ ಗಂಡ ಟ್ಯಾಂಕು ರಿಪೇರಿ ಮಾಡಿದರು. ಅಂದರೆ, ಜಗಲಿಯಲ್ಲಿ ಕುರ್ಚಿ ಹಾಕಿ ಕುಳಿತರು.

“ಸ್ಪ್ಯಾನರ್ ಕೊಡೆ. ಅದಲ್ಲ, ಅದರ ಅಣ್ಣ. ಬೋಲ್ಟ್ ಹಾಕೋಕೆ ಒಂದು ಡಬ್ಬಿ ತಾ. ವಿನೆಗರ್ ಎಲ್ಲಿ? ಒಂದೇ ಬಾಟ್ಲಿನಾ? ಅಂಗಡಿಗೆ ಹೋಗಿ ಬಾ. ಬರ್ತಾ ಹಾಗೇ ಚಹಾ ಇಡು.”

ಡಬ್ಬಿ ಹುಡುಕಿದೆ. ಮನೆಯಲ್ಲಿ ಒಂದೇ ಅಳತೆಯ ಎರಡು ಸ್ಟೀಲ್ ಡಬ್ಬಿಗಳಿದ್ದವು. ಒಂದು ಅವರ ಊಟದ್ದು. ಇನ್ನೊಂದು, ನನಗೂ ಎಂದಾದರೂ ಹೊರಗೆ ಊಟ ಕಟ್ಟಿಕೊಂಡು ಹೋಗುವ ಯೋಗ ಬಂದೀತೆಂದು ಎತ್ತಿಟ್ಟುಕೊಂಡದ್ದು. ಅದು ಬೋಲ್ಟುಗಳ ಪಾಲಾಯಿತು.

ಟ್ಯಾಂಕು ಕಳಚಿ, ವಿನೆಗರ್ ಸುರಿದು, ಬೋಲ್ಟು ಹಾಕಿದ್ದಾಯಿತು. ಇನ್ನು ಅದನ್ನು ಬಿಡದೆ ಅಲುಗಾಡಿಸಬೇಕು. ಅವರು ಮೂರು ಸಲ ಅಲುಗಾಡಿಸಿ ಸೊಂಟ ಹಿಡಿದುಕೊಂಡರು.

“ನೀನು ಹಿಡ್ಕೊ, ನಾನು ಎಣಿಸ್ತೀನಿ.”

ನಾನು ಹಳೆಯ ಕಂಬಳಿಯಲ್ಲಿ ಸುತ್ತಿ ತೊಡೆಯ ಮೇಲೆ ಹಾಕಿಕೊಂಡು ತೂಗಿದೆ. ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

“ಕೂಸು ಆಡಿಸಿದ ಹಾಗಿದೆ. ಅಪ್ಪ ಏನು ಮಾಡ್ತಿದ್ದಾನೆ?”

“ಎಣಿಸ್ತಿದ್ದಾರೆ, ಅತ್ತೆ.”

“ಅಂದ್ರೆ ನಿಜವಾದ ಅಪ್ಪನೇ,” ಎಂದು ಒಳಗೆ ಹೋದರು.

ಮಧ್ಯಾಹ್ನಕ್ಕೆ ಅವರು ಟ್ಯಾಂಕನ್ನು ನೀರಲ್ಲಿ ಜಾಲಾಡಿಸಿ, ಮುಚ್ಚಳ ಬಿಗಿಯಾಗಿ ತಿರುಗಿಸಿ, ಬಿಸಿಲಿಗಿಟ್ಟು, ಶ್ರಮಪರಿಹಾರಾರ್ಥ ಮಲಗಿದರು. ಎದ್ದು ಮುಚ್ಚಳ ತೆಗೆದರೆ ಒಳಗೆ ಮೊದಲಿಗಿಂತ ಹೊಳೆಯುವ ಕೇಸರಿ ಬಣ್ಣ.

“ಈ ಕಂಪನಿಯ ಕಬ್ಬಿಣವೇ ಸರಿಯಿಲ್ಲ,” ಎಂದು ಷರಾ ಬರೆದು ಕುರ್ಚಿ ಎತ್ತಿಕೊಂಡು ಒಳಗೆ ಹೋದರು. ಮುಖದಲ್ಲಿ ದುಃಖವಿತ್ತು. ಆದರೆ ಸೋಮವಾರ ತಮ್ಮ ಡಬ್ಬಿ ಹೊತ್ತಿಗೆ ಸರಿಯಾಗಿ ಬರುತ್ತದೆಂಬ ಸಮಾಧಾನವೂ ಮೂಗಿನ ತುದಿಯಲ್ಲಿ ಕುಳಿತಿತ್ತು. ನಾನು ನೋಡಿದೆ.

ಹತ್ತು ವರ್ಷದಿಂದ ಪಾತ್ರೆಯ ತಳ ಕಂಡವಳು ನಾನು. ಕಬ್ಬಿಣದ ಬಾಣಲೆ ತೊಳೆದು ಒದ್ದೆಯಾಗಿ ಬೋರಲು ಹಾಕಿದರೆ ಏನಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಶನಿವಾರ ಅತ್ತೆ ಮಲಗಿದ್ದಾಗ, ಗಂಡ ಆಫೀಸಿನಲ್ಲಿದ್ದಾಗ, ಟ್ಯಾಂಕು ಹಿತ್ತಲಿಗೆ ಬಂತು. ಮೊದಲು ಪೆಟ್ರೋಲಿನ ವಾಸನೆ ಪೂರ್ತಿ ಹೋಗುವವರೆಗೆ ಸೋಪಿನ ನೀರು. ಆಮೇಲೆ ಕಂಠಮಟ್ಟ ವಿನೆಗರ್, ಇಪ್ಪತ್ತೊಂದು ಬೋಲ್ಟು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವಾಗೆಲ್ಲ ಹತ್ತು ಸಲ ತೂಗಿ, ರಾತ್ರಿಯಿಡೀ ನೆನೆಯಲು ಬಿಟ್ಟೆ. ಭಾನುವಾರ ಸುರಿದಾಗ ಚಹಾದ ಕಷಾಯದಂಥ ಕಂದು ನೀರು. ಬೋಲ್ಟು ಎಣಿಸಿದೆ: ಇಪ್ಪತ್ತೊಂದು. ಹುಳಿ ಸಾಯಲು ಅಡುಗೆ ಸೋಡಾ ಕದಡಿದ ನೀರು. ಮತ್ತೆ ಶುದ್ಧ ನೀರು. ಇಲ್ಲಿಯೇ ಅವರು ಸೋತದ್ದು: ತೊಳೆದ ಕಬ್ಬಿಣ ನಮ್ಮ ನಿದ್ದೆ ಮುಗಿಯುವವರೆಗೆ ಕಾಯುವುದಿಲ್ಲ. ಮುಚ್ಚಳ ತೆರೆದಿಟ್ಟು ಕೂದಲು ಒಣಗಿಸುವ ಯಂತ್ರದಿಂದ ಬಿಸಿಗಾಳಿ ಊದಿದೆ. ಒಣಗಿದ್ದೇ ತಡ ಒಂದು ಲೋಟ ಎಂಜಿನ್ ಎಣ್ಣೆ ಹಾಕಿ ಎಲ್ಲ ಮೂಲೆಗೂ ಹರಿಯುವಂತೆ ಉರುಳಿಸಿ, ಮಿಕ್ಕದ್ದನ್ನು ಬಸಿದೆ. ಒಳಗೆ ಬ್ಯಾಟರಿ ಬೆಳಕು ಬಿಟ್ಟರೆ ಬೆಳ್ಳಿ ಬಟ್ಟಲು.

ಸಂಜೆ ಮೆಕ್ಯಾನಿಕ್ ಟ್ಯಾಂಕು ಕೂರಿಸಿ, ಕಟ್ಟಿಕೊಂಡ ದಾರಿ ಬಿಡಿಸಿಕೊಟ್ಟ. ಬಂಕಿಗೆ ಹೋಗಿ, ಆ ಗಾಡಿಯ ಜನ್ಮದಲ್ಲಿ ಮೊದಲ ಸಲ, ಕತ್ತಿನವರೆಗೆ ಪೆಟ್ರೋಲು ತುಂಬಿಸಿದೆ. ಬೀದಿಯಲ್ಲಿ ಮೂರು ಸುತ್ತು ಹೊಡೆದೆ. (ಒಂದು ಸಾಕಿತ್ತು. ಎರಡನೆಯದು ಎದುರುಮನೆಯವರಿಗೆ, ಮೂರನೆಯದು ನನ್ನ ಜಂಬಕ್ಕೆ.)

ಜಂಬದ ಫಲ ಕತ್ತಲಾಗುವ ಮೊದಲೇ ಬಂತು. ಹಿಂದಿನ ಬೀದಿಯ ಮೇಷ್ಟರು ತಮ್ಮ ಗಾಡಿಯ ಟ್ಯಾಂಕನ್ನು ತಂದು ಮೆಟ್ಟಿಲ ಮೇಲಿಟ್ಟರು. ಅವರ ಬೆನ್ನಿಗೇ ನನ್ನ ಗಂಡನ ಆಫೀಸಿನ ಗುಮಾಸ್ತರು ಇನ್ನೊಂದನ್ನು ತಂದರು.

“ನಾವು ಮಾಡಿದ್ವಲ್ಲ, ಹಾಗೇ ಇವಕ್ಕೂ ಮಾಡ್ಕೊಡ್ತೀವಿ ಅಂದೆ,” ಎಂದರು ನನ್ನ ಗಂಡ.

“ನಾವು ಅಂದ್ರೆ?”

“ನೀನೂ ಇದ್ದೆಯಲ್ಲ.”

“ಯಾವಾಗ ಕೊಡಬೇಕಂತೆ?”

“ನಾಳೆ ಸಂಜೆ. ನೀನು ಕೆಲಸಕ್ಕೆ ಮಂಗಳವಾರ ಸೇರು. ಒಂದು ದಿನಕ್ಕೆ ಅವರ ಹೊಲಿಗೆ ಮಿಷನ್ ಓಡಿಹೋಗುತ್ತಾ? ನಾನೂ ನಾಳೆ ಆಫೀಸಿಗೆ ಗಾಡೀಲೇ ಹೋಗೋಣ ಅಂತಿದ್ದೀನಿ. ಚೆನ್ನಾಗಿ ಓಡ್ತಿದೆ.”

“ಮಾತು ಕೊಟ್ಟಿದ್ರಿ.”

“ಕೊಟ್ಟಿದ್ದೀನಿ. ಎಲ್ಲಿಗೆ ಹೋಗುತ್ತೆ ಮಾತು? ಮಂಗಳವಾರನೂ ಇರುತ್ತೆ.”

ಸೋಮವಾರ ಬೆಳಕು ಹರಿಯುವ ಮೊದಲು ಎದ್ದೆ. ಪಂಪು ಹಾಕಿದೆ, ಆರಿಸಿದೆ. ಅತ್ತೆಗೆ ಬಿಸಿನೀರು. ಅಡುಗೆ. ಇಸ್ತ್ರಿಪೆಟ್ಟಿಗೆ ಮುಟ್ಟಲಿಲ್ಲ. ಕಾಲುಚೀಲ ಮಂಚದ ಕೆಳಗೇ ಇತ್ತು, ಇರಲಿ ಎಂದು ಬಿಟ್ಟೆ. ಅವರ ಡಬ್ಬಿಗೆ ನನ್ನ ಊಟ ಒತ್ತಿ ತುಂಬಿದೆ. ಅವರದ್ದು ಪಾತ್ರೆಯಲ್ಲಿದೆ, ಪಾತ್ರೆಗೆ ಸೌಟೂ ಇದೆ. ಬೋಲ್ಟಿನ ಡಬ್ಬಿಯಲ್ಲಿ ಸದ್ದಾಗದಂತೆ ಚಿಂದಿ ತುರುಕಿದೆ. ದೀಪ ಹಾಕದೆ, ಉಸಿರು ಹಿಡಿದು, ಎರಡೂ ಕೈಯಲ್ಲಿ ಒಂದೊಂದು ಡಬ್ಬಿ ಹಿಡಿದುಕೊಂಡು ಜಗಲಿಗೆ ಬಂದೆ. ಡಬ್ಬಿಗಳನ್ನು ಕೆಳಗಿಟ್ಟು, ಎರಡು ಟ್ಯಾಂಕುಗಳನ್ನೂ ಎತ್ತಿ ಅವರ ಕುರ್ಚಿಯ ಮೇಲೆ ಸಾಲಾಗಿ ಕೂರಿಸಿದೆ. ಪಕ್ಕಕ್ಕೆ ವಿನೆಗರ್, ಅಡುಗೆ ಸೋಡಾ, ಒಂದು ಡಬ್ಬಿ. ಇನ್ನೊಂದನ್ನು ಚೀಲಕ್ಕೆ ಹಾಕಿ ಹ್ಯಾಂಡಲಿಗೆ ನೇತುಹಾಕಿದೆ. ಗೇಟಿನಾಚೆಗೆ ಗಾಡಿ ತಳ್ಳಿ, ಕಿಕ್ಕರ್ ಒದ್ದೆ. ಒಂದೇ ಒದೆತಕ್ಕೆ ಸ್ಟಾರ್ಟಾಯಿತು.

ಮೂಲೆಯ ರಸ್ತೆಯುಬ್ಬು ಹತ್ತಿ ಇಳಿದಾಗ ಚೀಲದೊಳಗಿಂದ ಒಂದು ಸದ್ದು ಬಂತು. ಝಣ್.

ಊಟ ಝಣ್ ಎನ್ನುವುದಿಲ್ಲ. ಗಾಡಿ ನಿಲ್ಲಿಸಿ, ಒಂದು ಕಾಲು ಊರಿ, ಡಬ್ಬಿ ತೆರೆದೆ. ಚಿಂದಿಯ ಕೆಳಗೆ ಬೋಲ್ಟುಗಳು ತಳತಳ ಎನ್ನುತ್ತಿದ್ದವು. ನಾನೇ ಒತ್ತಿ ತುಂಬಿದ ಊಟ, ಎಂದಿನಂತೆ, ಎಂದಿನ ಡಬ್ಬಿಯಲ್ಲಿ, ನನ್ನ ಗಂಡನ ಕುರ್ಚಿಯ ಪಕ್ಕದಲ್ಲಿತ್ತು.

ಹಿಂದಕ್ಕೆ ತಿರುಗಿ ನೋಡಿದೆ. ನಮ್ಮ ಮನೆಯ ಜಗಲಿಯ ದೀಪ ಹೊತ್ತಿಕೊಂಡಿತು. ತಿರುಗಿ ಹೋದರೆ ಎರಡು ನಿಮಿಷದ ದಾರಿ. ಡಬ್ಬಿ ಸಿಗುತ್ತದೆ. ಡಬ್ಬಿಯ ಜೊತೆಗೆ ಕಾಲುಚೀಲ, ಇಸ್ತ್ರಿ, ಮೇಷ್ಟರು, ಗುಮಾಸ್ತರು, ಮಂಗಳವಾರ.

ಅಭ್ಯಾಸಬಲದಿಂದ ಬೋಲ್ಟುಗಳನ್ನು ಎಣಿಸಿದೆ. ಇಪ್ಪತ್ತೊಂದು, ಸರಿಯಾಗಿತ್ತು. ಮುಚ್ಚಳ ಒತ್ತಿ, ಗೇರು ಹಾಕಿ, ಘಟಕದ ದಾರಿ ಹಿಡಿದೆ.